ಒಳಮುಖದ ಜೇಬು

ಅಜ್ಜಿ,

ನಿನ್ನ ಕೌದಿಗೆ ನಾನು ಕೊಟ್ಟ ನೀಲಿ ತುಂಡುಗಳು ದರ್ಜಿ ಅಂಗಡಿಯವಲ್ಲ. ಶಾಲೆ ಬಿಟ್ಟ ದಿನ ನನ್ನ ಎರಡು ಸಮವಸ್ತ್ರದ ಅಂಗಿಗಳಲ್ಲಿ ಒಂದನ್ನು ಕತ್ತರಿಸಿದ್ದೆ. ಇನ್ನೊಂದನ್ನು ತೊಟ್ಟು ದಿನಾ ಸುಮ್ಮನೆ ಅಲೆದು ಬರುತ್ತಿದ್ದೆ. ಸಂಜೆ ನೀನು ಕೌದಿ ಹೊಲಿಯುತ್ತಾ, "ಇವತ್ತೇನು ಕಲಿಸಿದ್ರೋ?" ಅಂತ ಕೇಳಿದರೆ, ಬಾಯಿಗೆ ಬಂದ ಪಾಠ ಹೇಳುತ್ತಿದ್ದೆ.

ನೀನು ಹೋಗಿ ಎರಡು ವರ್ಷವಾಯಿತು. ಇವತ್ತು ಚಿಕ್ಕಮ್ಮ ಕೌದಿಯನ್ನು ನನ್ನ ಜೊತೆ ಕಳಿಸಲೆಂದು, ಹರಿದ ಅಂಚು ಸರಿಮಾಡಲು ಹೊಲಿಗೆ ಬಿಚ್ಚಿದಳು. ನಾನು ಕೀಳಲು ಮರೆತಿದ್ದ ಜೇಬು, ಶಾಲೆಯ ಹೆಸರಿನ ಸಮೇತ, ಒಳಗಿತ್ತು. ನೀನು ಅದನ್ನು ಒಳಮುಖ ಮಾಡಿ, ಸುತ್ತಲೂ ಒತ್ತಾಗಿ ಹೊಲಿದಿದ್ದೆ.

"ನಮ್ಮಮ್ಮನ ಕಣ್ಣಿಗೇ ಮಣ್ಣೆರಚೋಕೆ ಹೋಗಿದ್ಯೇನೋ, ಪೆದ್ದ!" ಅಂತ ಚಿಕ್ಕಮ್ಮ ನಕ್ಕಳು.

ಆ ಜೇಬು ಮುಚ್ಚಿಟ್ಟ ಮೇಲೂ ನೀನು ನಾಲ್ಕು ತಿಂಗಳು ಕೌದಿ ಹೊಲಿದೆ. ಅಷ್ಟೂ ಸಂಜೆ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.