ಗಟ್ಟಿ ಗೋಡೆಯ ಮನೆ

ಬುಧವಾರ, ಹದಿನಾಲ್ಕನೇ ತಾರೀಖು

ಸೊಸೆಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳೂ ತಲುಪಿದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬೀಗಿತ್ತಿಯ ಕಾಲಿನ ಕಟ್ಟು ಬಿಚ್ಚಿದರೆಂದು ಓದಿ ಸಮಾಧಾನವಾಯಿತು. ಕೋಲು ಹಿಡಿಯಲು ನಾಚಿಕೊಳ್ಳುತ್ತಾರೆ ಎಂದು ಬರೆದಿದ್ದೀಯ. ಬಿದ್ದು ಇನ್ನೊಂದು ಕಾಲನ್ನೂ ಮುರಿದುಕೊಂಡರೆ ಆಗ ಯಾರ ಹತ್ತಿರ ನಾಚಿಕೊಳ್ಳುತ್ತಾರಂತೆ ಕೇಳು. ನಾನೇ ಕೇಳಿದೆ ಎಂದು ಹೇಳು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ನೀನು ಫೋನ್ ಮಾಡಿದರೆ ನಿನ್ನ ಗಂಡ ಸ್ಪೀಕರ್ ಹಾಕಿ ನನ್ನ ಪಕ್ಕದಲ್ಲೇ ಕೂರುತ್ತಾನೆ. ಈಗ ಫೋನನ್ನೂ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಾನೆ. ಆದರೂ ಬಾಗಿಲಿಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಹಾಡುಹಗಲಲ್ಲಿ, ನನ್ನದೇ ಮನೆಯಲ್ಲಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ತಿಳಿಯಬಾರದೆಂದು.

ಭಾನುವಾರ ಅವನು ನನಗೆ ಎರಡು ಮನೆ ತೋರಿಸಿದ. ಮೊದಲನೆಯದನ್ನೇ ಕೊಳ್ಳುವುದೆಂದು ಆಗಲೇ ನಿರ್ಧರಿಸಿಬಿಟ್ಟಿದ್ದಾನೆ. ಸಾಲ ಇಬ್ಬರ ಹೆಸರಿನಲ್ಲಿ ಎತ್ತಬೇಕಾದ್ದರಿಂದ ನಿನ್ನ ಸಹಿ ಬೇಕು. ನೀನು ಬಂದ ದಿನವೇ ಕಾಗದ ಮುಂದಿಡುತ್ತಾನೆ. ಆ ಮನೆಗೆ ನೀನು ಸಹಿ ಹಾಕಬಾರದು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಅಡುಗೆಮನೆಗೆ ಬೆಳಕಿರಬೇಕು, ಬಟ್ಟೆ ಒಣಗಿಸಲು ಜಾಗವಿರಬೇಕು, ನಲ್ಲಿಯಲ್ಲಿ ನೀರು ಚೆನ್ನಾಗಿ ಬರಬೇಕು ಎಂದು ನೀನು ಬರೆದಿದ್ದೀಯ. ಎಲ್ಲವೂ ಅಲ್ಲಿದೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಅಡುಗೆಮನೆಯ ಕಟ್ಟೆ ಎಷ್ಟು ನುಣುಪೆಂದರೆ ಕೈ ಇಟ್ಟರೆ ಜಾರುತ್ತದೆ. ಆದರೆ ಅದು ರಸ್ತೆ ಮುಗಿಯುವಲ್ಲಿದೆ. ಎರಡೂ ಬದಿಗೆ ಖಾಲಿ ಸೈಟು, ನಂಬರು ಬರೆದ ಕಲ್ಲುಗಳು ಮಾತ್ರ. ಮಲಗುವ ಕೋಣೆಗೆ ಹೋಗಬೇಕಾದರೆ ಎರಡು ಬಾಗಿಲು ದಾಟಬೇಕು. ಬ್ರೋಕರ್ ಗೋಡೆಯನ್ನು ಅಂಗೈಯಲ್ಲಿ ತಟ್ಟಿ, "ಅಮ್ಮಾ, ಗೋಡೆ ಅಂದ್ರೆ ಇದು! ಒಳಗೆ ಕೊಲೆ ಆದ್ರೂ ಹೊರಗೆ ಪಿಟ್ ಅನ್ನಲ್ಲ" ಎಂದ.

ನಿನ್ನ ಗಂಡ ನಕ್ಕ. "ನಮಗೆ ಬೇಕಾಗಿರೋದೂ ಅದೇ. ನೆಮ್ಮದಿ."

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೆಲಸ ಮಾಡಿದವಳು. ಲೈನು ಕೊಡುವ ಮೊದಲು ಆ ಕಡೆಗೆ ಕೇಳಿಸುತ್ತಿದೆಯೇ ಎಂದು ನೋಡಿಕೊಳ್ಳುವುದು ನಮ್ಮ ಕೆಲಸದ ಮೊದಲ ಪಾಠ. ಮನೆಯನ್ನೂ ಹಾಗೆಯೇ ನೋಡೋಣ ಎನ್ನಿಸಿತು. ಬ್ರೋಕರನಿಗೆ, "ನೀವು ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕ್ಕೊಂಡು ಜೋರಾಗಿ ಕೂಗಿ" ಎಂದೆ.

"ಏನಂತ ಕೂಗ್ಲಮ್ಮಾ? ಹಾವು ಹಾವು ಅಂತ ಕೂಗ್ಲಾ?"

"ನಿಮಗೆ ಯಾವುದು ಚೆನ್ನಾಗಿ ಬರುತ್ತೋ ಅದನ್ನ ಕೂಗಿ."

ನಾನು ಗೇಟಿನ ಬಳಿ ಹೋಗಿ ನಿಂತೆ. ಗಾಳಿಯ ಸದ್ದು, ದೂರದಲ್ಲೆಲ್ಲೋ ಒಂದು ಲಾರಿ. ಬೇರೆ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಬ್ರೋಕರ್ ಬೆವರು ಒರೆಸಿಕೊಳ್ಳುತ್ತಾ ಬಂದ. "ಗಂಟಲು ಹರ್ಕೊಂಡೆ ಅಮ್ಮಾ. ಕೇಳಿಸ್ತಾ?"

"ಇಲ್ಲ."

"ನಾನು ಹೇಳಿಲ್ವಾ!" ಎಂದು ಹಿಗ್ಗಿದ, ಪಾಪ. ನಿನ್ನ ಗಂಡ ಹಿಗ್ಗಲಿಲ್ಲ. ನನ್ನನ್ನೇ ನೋಡುತ್ತಾ, "ಅಮ್ಮನಿಗೆ ಈಚೆಗೆ ಕಿವಿ ಮಂದ" ಎಂದು ಬ್ರೋಕರನಿಗೆ ಹೇಳಿದ. ನನ್ನ ಕಿವಿಗೆ ಏನೂ ಆಗಿಲ್ಲ. ಅದು ಅವನಿಗೂ ಗೊತ್ತು.

ಎರಡನೆಯ ಮನೆ ಓಣಿಯೊಳಗಿದೆ. ಸಾಲು ಮನೆ, ಪಕ್ಕದವರಿಗೂ ನಮಗೂ ಒಂದೇ ಗೋಡೆ. ಅಡುಗೆಮನೆಯಲ್ಲಿ ಹಗಲಲ್ಲೂ ದೀಪ ಬೇಕು. ಬಚ್ಚಲಿನ ನೆಲದಲ್ಲಿ ನೀರು ನಿಲ್ಲುತ್ತದೆ. ನಾನು ನಡುಮನೆಯಲ್ಲಿ ನಿಂತಿದ್ದಾಗ ಗೋಡೆಯಾಚೆ ಯಾವಳೋ ತಾಯಿ ಮಗಳಿಗೆ ಮಗ್ಗಿ ಕಲಿಸುತ್ತಿದ್ದಳು. "ಏಳೆಂಟ್ಲ ಎಷ್ಟೇ? ಬಾಯಿ ಬಿಡು. ಐವತ್ನಾಲ್ಕಾ? ಯಾರೇ ನಿಂಗೆ ಹೇಳ್ಕೊಟ್ಟಿದ್ದು?"

ನನಗೆ ತಡೆಯಲಾಗಲಿಲ್ಲ. "ಐವತ್ತಾರು" ಎಂದೆ.

ಆ ಕಡೆಯಿಂದ, "ಯಾರ್ರೀ ಅದು?" ಎಂದು ದನಿ ಬಂತು.

ನಿನ್ನ ಗಂಡ ಹಲ್ಲು ಕಚ್ಚಿ, "ಇದೇನು ಮನೆನಾ, ಬಸ್ ಸ್ಟ್ಯಾಂಡಾ?" ಎಂದು ಹೊರಗೆ ಹೋದ. ನನಗೆ ಆ ಕತ್ತಲೆಯ ಮನೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಕೋಣೆಯಲ್ಲಿ ಅವನ ದನಿ ಏರಿದಾಗಲೆಲ್ಲ ಪಕ್ಕದ ಟೈಲರನ ಹೆಂಡತಿ ಲೋಟ ಹಿಡಿದು ಬಂದು ಬಾಗಿಲು ಬಡಿಯುತ್ತಾಳೆ. "ಅಮ್ಮಾ, ಒಂದು ಲೋಟ ಸಕ್ಕರೆ ಇದ್ಯಾ?" ಅವನು ತಲೆಗೂದಲು ಸರಿಮಾಡಿಕೊಂಡು, ನಗುತ್ತಾ ಬಂದು ತಾನೇ ಕೊಡುತ್ತಾನೆ. ಅಷ್ಟರಲ್ಲಿ ಅವನ ಸಿಟ್ಟು ಇಳಿದಿರುತ್ತದೆ. ಟೈಲರನಿಗೆ ಸಕ್ಕರೆ ಕಾಯಿಲೆ; ಅವರ ಮನೆಯಲ್ಲಿ ಚಹಾಕ್ಕೂ ಸಕ್ಕರೆ ಹಾಕುವುದಿಲ್ಲ. ಮೊದಮೊದಲು ನನಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ನಮ್ಮ ಮನೆಯ ವಿಷಯ ಇವಳಿಗೇಕೆ ಎಂದು. ಈಗ ಡಬ್ಬದಲ್ಲಿ ಸಕ್ಕರೆ ಮುಗಿಯದಂತೆ ನಾನೇ ನೋಡಿಕೊಳ್ಳುತ್ತೇನೆ.

ರಸ್ತೆ ಮುಗಿಯುವ ಆ ಮನೆಗೆ ಲೋಟ ಹಿಡಿದು ಯಾರು ಬರುತ್ತಾರೆ?

ಇಷ್ಟು ಬರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕಾಗದವನ್ನು ದಿಂಬಿನ ಕೆಳಗೆ ತುರುಕಿ, ಅದರ ಮೇಲೆ ಕೂತುಬಿಟ್ಟೆ. ಬಾಗಿಲು ಬಡಿದ ಮೇಲೆ ಎದ್ದು ಚಿಲಕ ತೆಗೆದೆ. ಬಂದವನು ಕರೆಂಟಿನ ಮೀಟರ್ ನೋಡುವವನು. "ಯಾಕಮ್ಮಾ, ಹುಷಾರಿಲ್ವಾ? ಬೆವರ್ತಿದ್ದೀರಲ್ಲ" ಎಂದ. ಬಿಸಿಲು ಎಂದೆ. ಹೊರಗೆ ಮೋಡ ಮುಚ್ಚಿತ್ತು.

ಈಗ ಸರಿಯಾಗಿ ಕೇಳು. ಮನೆ ಕೊಳ್ಳುವಾಗ ನೀನು ಬೆಳಕು, ನೀರು ನೋಡಬೇಡ. ಗೋಡೆ ತೆಳ್ಳಗಿದೆಯೇ ನೋಡು. ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಬಾಗಿಲು ಇದೆಯೇ, ಆ ಬಾಗಿಲಲ್ಲಿ ಹಗಲೆಲ್ಲ ಯಾರಾದರೂ ಕೂತಿರುತ್ತಾರೆಯೇ ನೋಡು. ಒಳಗಿನ ಕೋಣೆಗಳ ಚಿಲಕ ಯಾವ ಕಡೆಗಿದೆ ನೋಡು. ಊರೆಲ್ಲ ಬೇಡವೆನ್ನುವ ಮನೆಯೇ ನಿನಗೆ ಆಗಬೇಕು. ಅವನ ಹತ್ತಿರ ವಾದಕ್ಕಿಳಿಯಬೇಡ. ಬಸ್ಸಿಗೆ ದೂರ, ಕೆಲಸಕ್ಕೆ ಹೋಗಿಬರಲು ಆಗುವುದಿಲ್ಲ ಎನ್ನು. ನನ್ನ ಹೆಸರು ಎತ್ತಲೇಬೇಡ.

ಬೀಗಿತ್ತಿಯನ್ನು ಚೆನ್ನಾಗಿ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎರಡು ತುತ್ತು ಹೆಚ್ಚೇ ತಿನ್ನು. ನೂರು ಕಾಲ ಚೆನ್ನಾಗಿ ಬಾಳು ಎಂದು ಸುಮ್ಮನೆ ವಾಡಿಕೆಗೆ ಬರೆಯುತ್ತಿಲ್ಲ, ಮನಸ್ಸಿಟ್ಟು ಬರೆಯುತ್ತಿದ್ದೇನೆ. ಪತ್ರ ಓದಿದ ಮೇಲೆ ಹರಿದು ಒಲೆಗೆ ಹಾಕು.

ಇತಿ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ.

ಭಾನುವಾರ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅವನಿಗೆ, "ಆ ಮನೆ ಬೇಡ" ಎಂದಿದ್ದೆ. "ಯಾಕೆ?" ಎಂದ. "ಯಾಕೆ ಅಂತ ನಿನಗೇ ಗೊತ್ತು" ಎಂದೆ. ಅವನು ಕೈ ಎತ್ತಿದ. ನಾನು ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದೆ.

ಅವನು ಎತ್ತಿದ್ದು ನನ್ನ ಹಿಂದಿನ ಗೋಡೆಯ ಸ್ವಿಚ್ ಹಾಕಲು. ದೀಪ ಹತ್ತಿತು. ನಾನು ಹಾಗೆಯೇ ನಿಂತಿದ್ದೆ. ಅವನು ನೋಡಿದ, ತುಂಬಾ ಹೊತ್ತು ನೋಡಿದ. ಆಮೇಲೆ ಸಣ್ಣಗೆ ನಕ್ಕು, "ಏನಮ್ಮಾ, ಹೆದರ್ಕೊಂಡ್ಯಾ?" ಎಂದ. ಅಂದಿನಿಂದ ಅವನು ನನ್ನನ್ನು ಏನೂ ಕೇಳುವುದಿಲ್ಲ. ಹೇಳುತ್ತಾನೆ, ನಾನು ಮಾಡುತ್ತೇನೆ.

ಓಣಿಯ ಮನೆಯೂ ಬೇಡ. ನೀನು ಇಲ್ಲಿಗೆ ಬರಲೇಬೇಡ. ಅಲ್ಲೇ, ನಿಮ್ಮ ತಾಯಿಯ ಮನೆಯ ಹತ್ತಿರ, ಇಬ್ಬರು ಹೆಂಗಸರಿಗೆ ಸಾಲುವ ಒಂದು ಬಾಡಿಗೆ ಕೋಣೆ ನೋಡು. ಕಿಟಕಿ ಇಲ್ಲದಿದ್ದರೂ ಸರಿ. ಯಾರ ಹತ್ತಿರವೂ ಏನನ್ನೂ ಕೇಳಿ ನನಗೆ ಅಭ್ಯಾಸವಿಲ್ಲ, ಹೇಗೆ ಕೇಳಬೇಕೆಂದೂ ತಿಳಿಯುತ್ತಿಲ್ಲ. ನನ್ನನ್ನೂ ಕರೆಸಿಕೋ.