ಬಾಲಕ್ಕೆ ಬಿಟ್ಟ ಜಾಗ

ಮಾರ್ಚ್ ೧೪, ಭಾನುವಾರ

ನನ್ನ ಮಗಳ ಅಪ್ಪನವರಿಗೆ,

ನೀವು ಚೆನ್ನಾಗಿದ್ದೀರಿ ಎಂದು ಮಗಳು ಆಗಾಗ ಹೇಳುತ್ತಿರುತ್ತಾಳೆ. ಹಾಗಾಗಿ ಕ್ಷೇಮಸಮಾಚಾರ ಕೇಳಿ ಕಾಗದ ಹಾಳು ಮಾಡುವುದಿಲ್ಲ. ನಾವು ಬೇರೆಯಾಗಿ ಒಂಬತ್ತು ವರ್ಷದ ಮೇಲೆ ಈ ಪತ್ರ ಬರೆಯುತ್ತಿರುವುದು ಪ್ರೀತಿ ಉಕ್ಕಿ ಬಂದು ಅಲ್ಲ, ಸಿಟ್ಟು ನೆತ್ತಿಗೇರಿ.

ಮೊದಲು ನಿಮಗೆ ಗೊತ್ತಿಲ್ಲದ ವಿಷಯ. ಎರಡು ವರ್ಷದಿಂದ ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ. ಬೆನ್ನಿನ ನರದ ತೊಂದರೆ. ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ನಿಮಗೆ ಹೇಳಕೂಡದೆಂದು ಮಗಳ ಬಾಯಿಗೆ ನಾನೇ ಬೀಗ ಹಾಕಿದ್ದೆ. ಈಗ ತಿಳಿಯಿತಲ್ಲ, ಅಯ್ಯೋ ಪಾಪ ಎನ್ನಬೇಡಿ. ಮುಂದೆ ಓದಿ.

ನಿನ್ನೆ ಮಗಳ ಜೊತೆ ಪಳೆಯುಳಿಕೆಗಳ ಮ್ಯೂಸಿಯಂಗೆ ಹೋಗಿದ್ದೆ. ದೊಡ್ಡಕ್ಕನನ್ನು ನೋಡಬೇಕಿತ್ತು. ಆ ದೈತ್ಯಪ್ರಾಣಿಗೆ ನಾವಿಟ್ಟ ಹೆಸರು ನಿಮಗೆ ಮರೆತಿರಲಿಕ್ಕಿಲ್ಲ. ಹನ್ನೊಂದು ವರ್ಷ ಸೂಜಿ, ಬ್ರಷ್ಷು ಹಿಡಿದು ಕಲ್ಲಿನೊಳಗಿಂದ ಅವಳ ಒಂದೊಂದೇ ಮೂಳೆ ಬಿಡಿಸಿದವಳು ನಾನು. ಅವಳನ್ನು ನಿಲ್ಲಿಸಲು ಕಬ್ಬಿಣದ ಚೌಕಟ್ಟು ಮಾಡಿ, ಸುತ್ತ ಎತ್ತರದ ಕಟ್ಟೆ ಕಟ್ಟಿಸಿದವರು ನೀವು. ಬಾಲದ ಹದಿನೇಳನೇ ಮೂಳೆಯನ್ನು ಮಗಳಿಗೆ ತೋರಿಸುವ ಆಸೆ ನನಗಿತ್ತು. ನನ್ನ ಕೈಜಾರಿ ಮೂರು ಚೂರಾದದ್ದು. ನೀವು ಮಧ್ಯಾಹ್ನದ ಊಟ ಬಿಟ್ಟು ಚೂರುಗಳು ಕದಲದಂತೆ ಮರದ ಹಿಡಿಕೆ ಮಾಡಿಕೊಟ್ಟಿರಿ, ಅಂಟು ಒಣಗುವವರೆಗೂ ಪಕ್ಕದಲ್ಲೇ ಕೂತಿದ್ದಿರಿ. ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಆ ಅಂಟಿನ ಗೆರೆ ಕಟ್ಟೆಯ ಮೇಲೆ ನಿಂತವರಿಗೆ ಮಾತ್ರ ಕಾಣುತ್ತದೆ.

ಮುಂಬಾಗಿಲಲ್ಲಿ ಮೆಟ್ಟಿಲು. ಹಿಂಬಾಗಿಲಿಂದ, ಖಾಲಿ ಪೆಟ್ಟಿಗೆ, ನೆಲ ಒರೆಸುವ ಬಕೆಟ್ಟುಗಳ ನಡುವೆ ನನ್ನನ್ನು ತಳ್ಳಿಕೊಂಡು ಹೋದರು. ಆಗಲಿ ಎಂದು ನುಂಗಿಕೊಂಡೆ. ಒಳಗೆ ಹೋದರೆ ಕಟ್ಟೆಗೆ ಒಂಬತ್ತು ಮೆಟ್ಟಿಲು. ಕೆಳಗಿನಿಂದ ನನಗೆ ಕಂಡದ್ದು ಸಿಮೆಂಟಿನ ಗೋಡೆ, ಕಂಬಿಗಳ ಸಂದಿಯಲ್ಲಿ ಜನರ ಚಪ್ಪಲಿ, ಮೇಲೆ ಸ್ವಲ್ಪ ಪಕ್ಕೆಲುಬು. ಕಾವಲುಗಾರ ಕೆಟ್ಟವನಲ್ಲ. "ನಾಲ್ಕ್ ಜನ ಸೇರಿ ಎತ್ಕೊಂಡ್ ಹೋಗ್ತೀವಿ ಬಿಡಿ ಅಮ್ಮ, ನೀವೇನ್ ಮಹಾ ಭಾರ" ಎಂದ. ನಾಲ್ಕು ಜನ ಹೊರುವ ದಿನ ಹೇಗೂ ಬರುತ್ತೆ, ಅಲ್ಲೀತನಕ ತಡಕೊಳ್ಳಪ್ಪ ಎಂದೆ. ಮಗಳು ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ಮೇಲ್ವಿಚಾರಕಿಯೊಬ್ಬಳು ಬಂದು, ಬಹಳ ಮರ್ಯಾದೆಯಿಂದ, ಪಕ್ಕದ ಕೋಣೆಯಲ್ಲಿ ದೊಡ್ಡಕ್ಕನ ವಿಡಿಯೋ ತೋರಿಸಿದಳು. ನನ್ನ ಹನ್ನೊಂದು ವರ್ಷ, ನಾಲ್ಕು ನಿಮಿಷದಲ್ಲಿ, ಹಿನ್ನೆಲೆ ಸಂಗೀತದ ಜೊತೆ! ನನಗೆ ಅಳು ಬಂತು. ಸಿಟ್ಟಿನ ಅಳು.

ಉದ್ಘಾಟನೆಯ ದಿನ ನೆನಪಿದೆಯೇ? ನಿನ್ನೆ ನನ್ನ ಕುರ್ಚಿ ನಿಂತ ಜಾಗದಲ್ಲೇ ಅಂದು ಅತ್ತೆ ಕೂತಿದ್ದರು. ಮಂಡಿ ಸವೆದು ಒಂದು ಮೆಟ್ಟಿಲೂ ಹತ್ತಲಾರದವರು, ಮಗ ಕಟ್ಟಿದ್ದನ್ನು ನೋಡಬೇಕೆಂದು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಮೇಲೆ ಹೇಗಿದೆಯೋ ಎಂದು ಕೇಳಿದರು. ಚೆನ್ನಾಗಿದೆ ಅಮ್ಮ ಎಂದಿರಿ, ಅಷ್ಟೇ. ಮರುವರ್ಷ ಅವರು ಹೋಗಿಯೇಬಿಟ್ಟರು, ನೋಡದೆ.

ಅವರಿಗೆಂದೇ ನೀವು ಮೊದಲ ನಕ್ಷೆಯಲ್ಲಿ ಎಡಗಡೆ ಇಳಿಜಾರು ದಾರಿ ಬರೆದಿದ್ದಿರಿ. ಯಾರೋ ಬೇಡ ಎಂದರು. ನೀವು ನಕ್ಷೆ ಸುತ್ತಿ ಎತ್ತಿಟ್ಟಿರಿ. ಜೀವಮಾನವೆಲ್ಲ ಮೂಳೆಗಳ ನಡುವೆ ಬದುಕಿದ ಮನುಷ್ಯನಿಗೆ ಒಂದು ಬೆನ್ನುಮೂಳೆ ಇರಬೇಡವೇ? ಮೇಜು ಗುದ್ದಬೇಕಿತ್ತು. ಇದು ನನ್ನ ತಾಯಿಯ ದಾರಿ, ಮುಟ್ಟಿದರೆ ಜೋಕೆ ಎನ್ನಬೇಕಿತ್ತು. ನಿಮ್ಮ ಮೌನವನ್ನು ಊರೆಲ್ಲ ಒಳ್ಳೆಯತನ ಎಂದು ಹೊಗಳಿತು. ಇಪ್ಪತ್ತು ವರ್ಷ ಗೋಡೆಯ ಜೊತೆ ಸಂಸಾರ ಮಾಡಿದವಳು ನಾನು. ತಪ್ಪು ಮಾಡಿದವರಿಗೆ ಬೈಗುಳ ಸಿಕ್ಕಿದರೆ ಒಂದು ದಿನ ಅತ್ತು ಹಗುರಾಗುತ್ತಾರೆ. ನೀವು ಅದನ್ನೂ ಕೊಡಲಿಲ್ಲ.

ಈಗ ಕೆಲಸದ ಮಾತು. ಮುಂದಿನ ತಿಂಗಳು ಆ ಕಟ್ಟೆಯನ್ನು ಹೊಸದಾಗಿ ಮಾಡುತ್ತಾರಂತೆ. ಇಂಥ ಪ್ರಾಣಿಗಳು ಬಾಲವನ್ನು ನೆಲಕ್ಕೆ ಎಳೆಯುತ್ತಿರಲಿಲ್ಲ, ಎತ್ತಿಕೊಂಡೇ ನಡೆಯುತ್ತಿದ್ದವು ಎಂದು ಈಗ ಎಲ್ಲರೂ ಒಪ್ಪಿದ್ದಾರೆ. ಹಾಗಾಗಿ ದೊಡ್ಡಕ್ಕನ ಬಾಲ ಮೇಲೇಳುತ್ತದೆ, ಅದರಡಿಯ ಜಾಗ ಖಾಲಿಯಾಗುತ್ತದೆ. ಅಲ್ಲಿ ಫೋಟೋ ತೆಗೆಸಿಕೊಳ್ಳುವ ಮೂಲೆಯಂತೆ! ಇಳಿಜಾರು ಮಾಡಿ ಎಂದೆ. ಅದು ಹೊಸ ಕೆಲಸ, ಹೊಸ ಮಂಜೂರಾತಿ ಬೇಕು, ಮೂರು ವರ್ಷವಾದರೂ ಆದೀತು ಎಂದಳು ಮೇಲ್ವಿಚಾರಕಿ. ಮೊಹರು ಬಿದ್ದ ಮೊದಲ ನಕ್ಷೆಯಲ್ಲೇ ಇಳಿಜಾರು ಇತ್ತೆಂದು ತೋರಿಸಿದರೆ ಮಾತ್ರ ಈಗಲೇ ಸೇರಿಸಬಹುದಂತೆ. ಕಚೇರಿಯ ಪ್ರತಿ ಸಿಗುತ್ತಿಲ್ಲ. ಯಾರು ಬೇಡ ಅಂದಿದ್ದು ಮೇಡಂ ಎಂದೂ ಕೇಳಿದಳು. ನಾನು ಕುಡಿಯಲು ನೀರು ಕೇಳಿದೆ.

ನಿಮ್ಮ ಪ್ರತಿ ನಿಮ್ಮಲ್ಲೇ ಇದೆ. ಮುರಿದ ಮೊಳೆಯನ್ನೂ ಎಸೆಯದವರು ನೀವು. ಇದೇ ಇಪ್ಪತ್ತೈದಕ್ಕೆ, ಹನ್ನೊಂದು ಗಂಟೆಗೆ ಸಭೆ. ನಕ್ಷೆ ತನ್ನಿ. ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ, ನೀವೇ ಬನ್ನಿ, ಈ ಸಲವಾದರೂ ಬಾಯಿ ಬಿಟ್ಟು ಮಾತಾಡಿ. ಹಿಂಬಾಗಿಲಲ್ಲಿ ಕಾಯುತ್ತಿರುತ್ತೇನೆ.

ಇಂತು,
ನಿಮ್ಮ ಮಗಳ ತಾಯಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಪುನಃ ಬಿಚ್ಚಿದೆ. "ಯಾರೋ" ಎಂದು ಬರೆದದ್ದನ್ನು ಓದಿ ನೀವು ನಕ್ಕಿರಲೂಬಹುದು. ಇಳಿಜಾರಿನ ಮೇಲೆ ಎಳೆದಿರುವ ಕೆಂಪು ಪೆನ್ಸಿಲಿನ ಗೀಟು ನನ್ನದು. ಪಕ್ಕದಲ್ಲಿ "ಬಾಲ ನೇರವಾಗಿ ಮಲಗಬೇಕು, ಇದು ಬೇಡ. ನಡೆಯಲಾಗದವರು ಮೂಳೆ ನೋಡಲು ಯಾಕೆ ಬರುತ್ತಾರೆ?" ಎಂದು ಬರೆದವಳೂ ನಾನೇ. ಅತ್ತೆಗೆ ಇದು ಗೊತ್ತಾಗದ ಹಾಗೆ ನೀವು ನೋಡಿಕೊಂಡಿರಿ, ಅದೂ ನನಗೆ ಗೊತ್ತು. ಆ ಸಾಲನ್ನು ಅಳಿಸಿ ತರಬೇಡಿ. ಸಭೆಯಲ್ಲಿ ಅದನ್ನು ನಾನೇ ಓದುತ್ತೇನೆ.