ಫಕೀರವ್ವನನ್ನು ನಾನು ಕೇಳದೆ ಬಿಟ್ಟದ್ದು

ಹುಲಿಗುಡ್ಡ,
ಎರಡು ಸಾವಿರದ ಇನ್ನೂರ ಮೂವತ್ತೊಂದು, ಎರಡನೆಯ ಬೇಸಿಗೆ.

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಮಾದೇವಿ ಹರಿಕಾಂತಳ ನಮಸ್ಕಾರ.

ಈ ತಾರೀಖು ನೋಡಿ ನೀವು ನಗಬಹುದು. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಮಳೆಗೆ ಮುಂಚಿನದೊಂದು, ಮಳೆ ಮುಗಿದ ಮೇಲಿನದೊಂದು. ನಿಮ್ಮ ಪುಸ್ತಕಗಳನ್ನು ಓದಿ ಓದಿ ನಿಮ್ಮಂತೆ ಬರೆಯಲು ಕಲಿತಿದ್ದೇನೆ. ಆದರೂ ನಿಮ್ಮಲ್ಲಿಲ್ಲದ ವಸ್ತುಗಳಿಗೆ ನಿಮ್ಮ ಮಾತನ್ನು ಎಲ್ಲಿಂದ ತರಲಿ? ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ. ಕಿವಿಗೆ ಒರಟಾಗಿ ಕೇಳಿದರೆ ಮನ್ನಿಸಿ.

ನಮ್ಮ ಗುಡ್ಡ ಗದಗಿನಿಂದ ಮೂಡಣಕ್ಕಿದೆ. ನಿಮ್ಮ ಕಾಲದಲ್ಲಿ ಇಲ್ಲಿ ಕುರಿಗಳಲ್ಲದೆ ಬೇರೆ ಯಾರೂ ಹತ್ತುತ್ತಿರಲಿಲ್ಲವಂತೆ. ಈಗ ಗುಡ್ಡದ ನೆತ್ತಿಯ ಉದ್ದಕ್ಕೂ ಇಬ್ಬನಿಬಲೆಗಳಿವೆ. ಬೆಳಗಿನ ಗಾಳಿಯಲ್ಲಿರುವ ತೇವವನ್ನು ಹಿಡಿದು ಹನಿಹನಿಯಾಗಿ ಕೆಳಗಿಳಿಸುವ ಬಲೆಗಳು ಅವು. ಆ ನೀರು ಬಂಡೆ ಕೊರೆದು ಮಾಡಿದ ನೆಲಗೆರೆಗೆ ಸೇರುತ್ತದೆ. ಬಿಸಿಲು ಏರಿದ ಮೇಲೆ ನೆರಳುವೇಳೆ ಶುರುವಾಗುತ್ತದೆ. ಆಗ ಎಲ್ಲರೂ ನೆಲದಡಿ ಕೊರೆದ ನೆಲಮನೆಗಳಿಗೆ ಇಳಿಯುತ್ತೇವೆ; ಕಲಿಯುವುದು, ನೇಯುವುದು, ಜಗಳ, ಮದುವೆಯ ಮಾತುಕತೆ ಎಲ್ಲ ಅಲ್ಲೇ ನಡೆಯುತ್ತವೆ. ಕುಡಿಯುವ ನೀರಿಗೆ ಪಾಲು ಇದೆ. ಒಬ್ಬರಿಗೆ ಎಷ್ಟು ಎಂಬುದನ್ನು ಚೀಟಿಸಭೆ ತೀರ್ಮಾನಿಸುತ್ತದೆ. ಊರಿನವರೆಲ್ಲರ ಹೆಸರನ್ನು ಗಡಿಗೆಯಲ್ಲಿ ಹಾಕಿ, ಎತ್ತಿದ ಚೀಟಿಯವರು ಒಂದು ವರ್ಷ ಕೂರುವ ಸಭೆ ಅದು.

ಸಭೆಯಲ್ಲಿ ಇನ್ನಿಬ್ಬರಿರುತ್ತಾರೆ. ಅವರಿಗೆ ಮತ ಇಲ್ಲ, ಮಾತು ಮಾತ್ರ. ಒಬ್ಬರು ನಿನ್ನೆಗಾರರು. ಇಂಥ ಸಂದರ್ಭ ಹಿಂದೆ ಬಂದಾಗ ಏನಾಯಿತು ಎಂದು ಹೇಳುವುದು ಅವರ ಕೆಲಸ. ಇನ್ನೊಬ್ಬರು ಯಾಕೆಗಾರರು. ಮಾಡಹೊರಟದ್ದು ಯಾಕೆ ಸರಿ ಎಂದು ಕೇಳಿ ಕೇಳಿ ಸಭೆಯನ್ನು ಕಾಡುವುದು ಅವರ ಕೆಲಸ. ಇಬ್ಬರೂ ಮಾತಾಡಿ ಮುಗಿಸದೆ ಸಭೆ ಕೈ ಎತ್ತುವಂತಿಲ್ಲ. ಗುಡ್ಡದ ಮೊದಲಿಗರು ನಿಮ್ಮ ಶತಮಾನವನ್ನು ಓದಿಯೇ ಈ ಕಟ್ಟಳೆ ಮಾಡಿದರಂತೆ. ನಿಮ್ಮಲ್ಲಿ ಇತಿಹಾಸ ಶಾಲೆಯಲ್ಲಿತ್ತು, ತತ್ವ ಗ್ರಂಥಗಳಲ್ಲಿತ್ತು, ರಾಜಕೀಯ ಬೀದಿಯಲ್ಲಿತ್ತು. ಮೂರೂ ಒಂದೇ ಚಾಪೆಯ ಮೇಲೆ ಕೂತದ್ದು ಕಡಿಮೆ ಎಂದು ಅವರು ಬರೆದಿಟ್ಟಿದ್ದಾರೆ. ನಾವು ಕೂರಿಸಿದೆವು. ಕೂರಿಸಿಯೂ ಏನು ಮಾಡಿದೆವು ಎಂಬುದನ್ನು ನಿಮಗೆ ತಿಳಿಸಬೇಕು.

ನಾನು ಇಲ್ಲಿಯವಳಲ್ಲ. ಕುಮಟೆಯ ಕಡೆಯ ನಮ್ಮ ಕೇರಿ ಸಮುದ್ರದ ಪಾಲಾದಾಗ ನಮ್ಮವರು ಬಲೆ, ಪಾತ್ರೆ, ಮಕ್ಕಳನ್ನು ಹೊತ್ತು ಘಟ್ಟ ಹತ್ತಿ ಬಂದರು. ಆಗ ನಾನು ಸಣ್ಣವಳು. ಗುಡ್ಡದ ಬಾಗಿಲ ಹೊರಗೆ ಬಂಡೆಯ ನೆರಳಿನಲ್ಲಿ ಕೂತು, ಒಳಗೆ ನಮ್ಮ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅವ್ವ ಹೇಳಿದ್ದು ನೆನಪಿದೆ. ಆಗಿನ ನಿನ್ನೆಗಾರ ಸಂಗನಬಸಪ್ಪ, ಹೊರಗಿನವರನ್ನು ಸೇರಿಸಿಕೊಂಡು ಬತ್ತಿಹೋದ ಊರುಗಳ ಕಥೆಯನ್ನು ಒಂದೊಂದಾಗಿ ಹೇಳಿದನಂತೆ. ಯಾಕೆಗಾರ್ತಿಯಾಗಿದ್ದವಳು ಫಕೀರವ್ವ. ಅವಳು ಎದ್ದು ನಿಂತು, “ನೀ ಹೇಳಿದ್ದೆಲ್ಲಾ ಖರೆ ಐತಿ ಸಂಗನಬಸಪ್ಪ. ನಿಮ್ಮ ಮುತ್ತ್ಯಾ ಈ ಗುಡ್ಡಕ್ಕ ಎಲ್ಲಿಂದ ಬಂದಾ, ಬಂದಾಗ ಅವಗ ಯಾರು ನೀರು ಕೊಟ್ರು, ಆ ಕಥಿ ಯಾಕ ಬಿಟ್ಟಿ?” ಎಂದು ಕೇಳಿದಳು. ಸಭೆ ಕೈ ಎತ್ತಿತು. ಬಾಗಿಲು ತೆರೆಯಿತು.

ನಮಗೆ ನೆಲಮನೆಗಳಿರಲಿಲ್ಲವಾದ್ದರಿಂದ ಮನೆಗೊಂದು ಕುಟುಂಬವನ್ನು ಹಂಚಿಕೊಂಡರು. ಅವ್ವ ಮತ್ತು ನಾನು ಫಕೀರವ್ವನ ಮನೆಯಲ್ಲೇ ಉಳಿದೆವು. ಅವಳ ಗಂಡ ದ್ಯಾಮಣ್ಣ ನೆಲಗೆರೆಯ ಕಾವಲಿನವನು. ಉದ್ದ ಕೈಕಾಲಿನ ಆಸಾಮಿ, ಮಾತು ಕಡಿಮೆ. ನನಗೆ ಮೀನಿನ ಹೆಸರುಗಳನ್ನು ಹೇಳಿಸಿ ನಗುತ್ತಿದ್ದ. ನಮ್ಮಿಂದಾಗಿ ಎಲ್ಲರ ಪಾಲಿನ ನೀರು ಕಡಿಮೆಯಾಯಿತು. ಆ ಬೇಸಿಗೆ ಕ್ರೂರವಾಗಿತ್ತು. ಊರಿನಲ್ಲಿ ಕೆಲವರು ಸತ್ತರು, ಅವರಲ್ಲಿ ದ್ಯಾಮಣ್ಣನೂ ಒಬ್ಬ. ಮರುವರ್ಷ ನಮ್ಮವರು ಮೀನಿನ ಬಲೆಯ ಹೆಣಿಗೆಯಲ್ಲಿ ಇಬ್ಬನಿಬಲೆ ಹೆಣೆದರು, ನೀರು ಹೆಚ್ಚಿತು. ಫಕೀರವ್ವ ನನ್ನನ್ನು ಮಗಳಂತೆ ಸಾಕಿ ಓದಿಸಿದಳು. ಗಂಡನ ಸಾವಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಬಡಿಸಿದ ಪ್ರತಿ ತುತ್ತಿನಲ್ಲೂ ನನಗೆ ಆ ಮನುಷ್ಯನ ನೆನಪಾಗುತ್ತಿತ್ತು. ಬದುಕಿದ್ದಕ್ಕೇ ತಪ್ಪಿತಸ್ಥಳಾದ ಭಾವವನ್ನು ನಿಮ್ಮಲ್ಲಿ ಯಾರಾದರೂ ಬಲ್ಲರೋ ಏನೋ.

ನಾನು ನಿನ್ನೆಗಾರ್ತಿಯಾದೆ. ನಮ್ಮವರು ಬೆಳೆದರು, ಚೀಟಿ ಎತ್ತಿದರೆ ಹೆಚ್ಚಾಗಿ ಹರಿಕಾಂತರ ಹೆಸರೇ ಬರುವಷ್ಟು. ಈ ವರ್ಷ ಮೊದಲ ಬೇಸಿಗೆಯ ಕೊನೆಯಲ್ಲಿ ಕಲಬುರಗಿಯ ಕಡೆಯಿಂದ ಜನ ಬಂದರು. ಅಲ್ಲಿ ನೆಲಮನೆಯಲ್ಲೂ ಉಸಿರಾಡಲಾಗದಷ್ಟು ಕಾವಂತೆ. ನಾವು ಕೂತಿದ್ದ ಅದೇ ಬಂಡೆಯ ನೆರಳಿನಲ್ಲಿ ಅವರೂ ಕೂತರು.

ಸಭೆಯ ಮುನ್ನಾದಿನ ಬಲೆ ಹೆಣೆಯುವ ನಮ್ಮವರ ಮುಖಂಡ, ನನ್ನ ಚಿಕ್ಕಪ್ಪನ ಮಗ ವಾಮನ ಬಂದ. ಅವನು ಕೆಟ್ಟವನಲ್ಲ. ಮಗಳು ಬಸುರಿ, ಅವನಿಗೆ ನೀರಿನ ಚಿಂತೆ.

“ಅಕ್ಕ, ಸುಳ್ಳು ಹೇಳು ಅಂತ ನಾ ಹೇಳ್ತಿಲ್ಲೆ” ಎಂದ. “ಆದದ್ದನ್ನೇ ಹೇಳು. ನಾವು ಬಂದ ವರ್ಷ ಎಂತಾಯ್ತು, ಯಾರ‍್ಯಾರು ಸತ್ರು, ಅಷ್ಟು ಹೇಳಿರೆ ಸಾಕು.”

“ದ್ಯಾಮಣ್ಣನ ಹೆಸರು ಹೇಳಬೇಕಾ?”

“ಅದೇ ಮೊದ್ಲು ಹೇಳು. ನಮ್ಮಿಂದ್ಲೇ ಹೋದ ಅಂವ. ನಿನ್ನ ಮನ್ಸಲ್ಲೂ ಅದೇ ಉಂಟಲೆ?”

ಇತ್ತು. ಇಷ್ಟು ವರ್ಷ ನಾನು ಹೊತ್ತದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಮರುದಿನ ಸಭೆಯಲ್ಲಿ ನಾನು ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ನನ್ನ ಕೆಲಸಕ್ಕೆ ದ್ರೋಹ ಎಂದುಕೊಂಡೆ. ಕರಾವಳಿಯವರು ಬಂದರು ಎಂದೆ. ಪಾಲು ಕಡಿಮೆಯಾಯಿತು ಎಂದೆ. ಆ ಬೇಸಿಗೆ ದ್ಯಾಮಣ್ಣ ಮತ್ತು ಇಂತಿಂಥವರು ತೀರಿಕೊಂಡರು ಎಂದೆ. ಬಲೆಗಳ ಸಂಗತಿಯನ್ನೂ ಹೇಳಿದೆ, ಆದರೆ ಅಷ್ಟರಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನಾಡಿದ ಒಂದೊಂದು ವಾಕ್ಯವೂ ನಿಜ. ಒಂದರ ಬೆನ್ನಿಗೊಂದು ಇಟ್ಟ ಕೂಡಲೇ ಅವು ತಾವಾಗಿಯೇ ಕಾರಣಗಳಾಗಿ ಕೂತವು.

ಈಗಿನ ಯಾಕೆಗಾರ ಮಲ್ಲೇಶಿ ಹೊಸಬ. ತಡವರಿಸುತ್ತ ಎದ್ದು, “ಹಂಗಾರ ಅಂದಿನವರು ನಿಮ್ಮನ್ನ ಒಳಗ ಕರ‍್ಕೊಂಡಿದ್ದು ತಪ್ಪಂತೀರೇನ್ರಿ?” ಎಂದು ನನ್ನನ್ನೇ ಕೇಳಿದ.

“ಆದದ್ದನ್ನು ಹೇಳುವುದಷ್ಟೇ ನನ್ನ ಕೆಲಸ. ಸರಿ ತಪ್ಪು ನನ್ನದಲ್ಲ” ಎಂದೆ.

ಆ ಉತ್ತರ ಕಟ್ಟಳೆಗೆ ಸರಿಯಾಗಿತ್ತು. ಅದನ್ನು ಹೇಳುವಾಗ ನನಗೆ ಹಗುರವೂ ಆಯಿತು. ಅದೇ ಈಗ ನನ್ನನ್ನು ಹೆಚ್ಚು ಸುಡುತ್ತಿದೆ. ಕೈಗಳು ಎದ್ದವು, ಬಹುಪಾಲು ನಮ್ಮವರ ಕೈಗಳೇ. ಹೊರಗಿನವರಿಗೆ ದಾರಿಗೆಂದು ಒಂದಿಷ್ಟು ನೀರು ಕೊಟ್ಟು ಕಳಿಸಬೇಕೆಂದು ತೀರ್ಮಾನವಾಯಿತು. ಅವರು ಜಗಳವಾಡಲಿಲ್ಲ. ಮಕ್ಕಳನ್ನು ಎಬ್ಬಿಸಿ, ಗಂಟುಮೂಟೆ ಕಟ್ಟಿ, ಬೆಣ್ಣೆಹಳ್ಳದ ಕಡೆ ಇಳಿದುಹೋದರು.

ಫಕೀರವ್ವ ಆ ದಿನ ಸಭೆಯ ಹಿಂದಿನ ಗೋಡೆಗೆ ಒರಗಿ ಕೂತಿದ್ದಳು. ಈಗ ಬಹಳ ಮುದುಕಿ, ಕಣ್ಣು ಮಬ್ಬು, ಕಿವಿ ಮಾತ್ರ ಚುರುಕು. ಹುದ್ದೆ ಬಿಟ್ಟವರು ಸಭೆಯಲ್ಲಿ ಮಾತಾಡುವಂತಿಲ್ಲ. ಎರಡು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನೆರಳುವೇಳೆಯಲ್ಲಿ ನಾನು ಅವಳ ತಲೆ ಬಾಚುತ್ತಿದ್ದಾಗ ಅವಳಾಗಿಯೇ ಬಾಯಿ ಬಿಟ್ಟಳು.

“ನೀ ಹೇಳಿದ್ದು ಸುಳ್ಳಲ್ಲಾ. ಆದ್ರ ಅಂವ ಹೆಂಗ ಸತ್ತಾ ಅಂತ ನನ್ನ ಯಾವಾಗರೆ ಕೇಳೀಯೇನು?”

ನಾನು ಬಾಚಣಿಗೆ ಕೆಳಗಿಟ್ಟು ಅವಳ ಎದುರು ಬಂದು ಕೂತೆ.

“ಕೆರಿ ಕಾಯಾಂವ ಅಂವ, ನೀರು ಎಷ್ಟೈತಿ ಅಂತ ಅವಗ ಗೊತ್ತಿತ್ತು. ತನ್ನ ಪಾಲು ದಿನಾ ನಿಮ್ಮವ್ವನ ಕೊಡದಾಗ ಹಾಕತಿದ್ದಾ. ನಾ ಬೈದೆ. ಈ ಮಂದಿ ಕೈಯಾಗ ಹೆಣಿಗಿ ಐತಿ, ಈ ಕೂಸಿನ ಬಾಯಾಗ ಸಮುದ್ರ ಐತಿ, ಇವರು ಉಳದ್ರ ಊರು ಉಳಿತೈತಿ ಅಂದಾ. ನೀರಿಲ್ದ ಬಿದ್ದ ಮ್ಯಾಲೆ ನನ್ನ ಕರದು ಒಂದ ಮಾತು ಹೇಳಿದಾ. ನಾ ಕೊಟ್ಟದ್ದನ್ನ ಇವರು ಕಸಗೊಂಡ್ರು ಅಂತ ನಾಳೆ ಯಾರರೆ ಅಂದ್ರ, ನೀ ಸುಮ್ಮನ ಇರಬ್ಯಾಡಾ ಅಂದಾ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ರ ನಿಮ್ಮವ್ವಗ ಆ ನೀರು ಗಂಟಲಾಗ ಇಳೀತಿತ್ತೇನು? ಆಕಿ ಹ್ವಾದ ಮ್ಯಾಲೆ ನೀನರೆ ಕೇಳ್ತಿ ಅಂತ ಕಾದೆ. ಸಭಾದಾಗೂ ಕಾದೆ. ಒಂದ ಸಲ ನನ್ನ ಕಡೆ ತಿರುಗಿ ನೋಡಿದ್ರ ಸಾಕಿತ್ತು.” ಬಿಚ್ಚಿದ ಕೂದಲನ್ನು ತಾನೇ ಗಂಟು ಹಾಕಿಕೊಳ್ಳುತ್ತ, “ನಾನೂ ಸುಮ್ಮನಾ ಕುಂತೆ. ಅವನ ಮಾತು ನಾನೂ ಉಳಸಲಿಲ್ಲ” ಎಂದಳು.

ಊರಿನ ಹಳೆಯ ಬರಹಗಳನ್ನೆಲ್ಲ ತಡಕಿದವಳು ನಾನು. ನಾನಿದ್ದ ಮನೆಯೊಳಗೇ ಇದ್ದ ಸಾಕ್ಷಿಯನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳದಂತೆ ತಡೆದದ್ದು ನನ್ನ ಅಪರಾಧದ ಭಾವವೇ. ಅವನ ಸಾವನ್ನು ನಾನು ನನ್ನ ನೋವಾಗಿ ಮಾಡಿಕೊಂಡು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದೆ. ಅದು ಅವನ ಸಾವು, ಅದರ ಅರ್ಥ ಏನೆಂದು ಅವನೇ ಹೇಳಿಹೋಗಿದ್ದ ಎಂಬುದು ನನಗೆ ಹೊಳೆದೇ ಇರಲಿಲ್ಲ. ಒಬ್ಬನ ದಾನವನ್ನು ನಾನು ಇಡೀ ಸಭೆಯ ಮುಂದೆ ಕಳವೆಂಬಂತೆ ಹೇಳಿದ್ದೆ.

ನಮ್ಮಲ್ಲಿ ತೀರ್ಮಾನವನ್ನು ಮತ್ತೆ ತೆರೆಯಲು ಒಂದೇ ದಾರಿಯಿದೆ. ನಿನ್ನೆಗಾರರು ಎದ್ದು ನಿಂತು, ನಾನು ಪೂರ್ತಿ ಹೇಳಲಿಲ್ಲ ಎನ್ನಬೇಕು. ಹಾಗೆಂದವರು ಮತ್ತೆ ಆ ಚಾಪೆಯ ಮೇಲೆ ಕೂರುವಂತಿಲ್ಲ. ನಾನು ಅಂದೇ ಸಭೆ ಕರೆಸಿದೆ. ಫಕೀರವ್ವನನ್ನು ಕೈಹಿಡಿದು ನಡುವೆ ತಂದು ಕೂರಿಸಿ, ದ್ಯಾಮಣ್ಣನ ಮಾತನ್ನು ಅವಳ ಬಾಯಿಂದಲೇ ಹೇಳಿಸಿದೆ. ಕಟ್ಟಳೆ ಮೀರಿತೆಂದು ಯಾರೂ ತಡೆಯಲಿಲ್ಲ. ಅವಳು ಮುಗಿಸಿದ ಮೇಲೆ ಮಲ್ಲೇಶಿ ನನ್ನನ್ನು ಮತ್ತೆ ಅದನ್ನೇ ಕೇಳಿದ. ಈ ಸಲ, ಅಂದಿನವರು ಮಾಡಿದ್ದು ಸರಿ, ನಾವು ಮಾಡಿದ್ದು ತಪ್ಪು ಎಂದೆ. ಹೊರಗಿನವರನ್ನು ಮರಳಿ ಕರೆತರಲು ಕೈಗಳು ಒಂದೊಂದಾಗಿ ಎದ್ದವು. ಕೊನೆಗೆ ವಾಮನನ ಕೈಯೂ ಎದ್ದಿತು. ಎಲ್ಲರಿಗಿಂತ ಮೊದಲು ನೀರಿನ ಬಂಡಿ ಹೂಡಿದವನೂ ಅವನೇ. ನಾನೂ ಜೊತೆಗೆ ಹೋದೆ.

ಬೆಣ್ಣೆಹಳ್ಳದ ಒಣಪಾತ್ರದಲ್ಲಿ ಅವರು ಸಿಕ್ಕರು. ದಾರಿಯಲ್ಲಿ ಹೊಸದಾಗಿ ಕಲ್ಲು ಪೇರಿಸಿದ ಗುಡ್ಡೆಗಳನ್ನು ದಾಟಿಕೊಂಡೇ ಬಂದಿದ್ದೆವು. ಕೆಲವು ಚಿಕ್ಕವಿದ್ದವು. ಅವರಲ್ಲಿ ಹಿರಿಯಳಾದ ಖಾಜಾಬಿ ಎಂಬವಳು ನಮ್ಮ ಬಂಡಿಯನ್ನು ನೋಡಿಯೂ ಏಳಲಿಲ್ಲ.

“ನಿಮ್ಮೂರಾಗ ನ್ಯಾಯಕ್ಕ ಭಾಳ ಟೈಮ್ ಹಿಡೀತದ” ಎಂದಳು. “ದಾಹಕ್ಕ ಅಷ್ಟು ಟೈಮ್ ಇರಂಗಿಲ್ಲ ನೋಡವ್ವಾ.”

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಬೇಡವೆಂದು ಕೈ ಮಾಡಿ, ಮೊದಲು ಮಕ್ಕಳಿಗೆ ನೀರು ಕುಡಿಸು ಎಂದಳು. ಅವರಲ್ಲಿ ಅರ್ಧದಷ್ಟು ಜನ ನಮ್ಮೊಂದಿಗೆ ಹಿಂದಿರುಗಿದರು. ಉಳಿದವರು, ಒಮ್ಮೆ ಮುಚ್ಚಿದ ಬಾಗಿಲಿಗೆ ಮತ್ತೆ ಬರುವುದಿಲ್ಲವೆಂದು ನೀರು ತುಂಬಿಕೊಂಡು ತೆಂಕಣಕ್ಕೆ ನಡೆದರು. ಅವರು ಏನಾದರೆಂದು ನಮಗೆ ಗೊತ್ತಿಲ್ಲ. ಖಾಜಾಬಿ ಈಗ ವಾಮನನ ಮನೆಯಲ್ಲಿದ್ದಾಳೆ. ಅವನ ಮಗಳ ಬಾಣಂತನ ಮಾಡಿದವಳು ಅವಳೇ. ನನ್ನನ್ನು ಕಂಡರೆ ಮಾತಾಡುತ್ತಾಳೆ, ಆದರೆ ದಾರಿಯಲ್ಲಿ ಕಳೆದುಕೊಂಡವರ ಹೆಸರನ್ನು ನನಗೆ ಇನ್ನೂ ಹೇಳಿಲ್ಲ. ನಾನು ಕೇಳಿದೆ. ಹೇಳುವಷ್ಟು ನಂಬಿಕೆ ಬಂದಾಗ ಹೇಳುತ್ತೇನೆ ಎಂದಳು. ಕಾಯುತ್ತಿದ್ದೇನೆ. ಪಾಲಿನ ನೀರು ಮತ್ತೆ ಕಡಿಮೆಯಾಗಿದೆ. ಈ ಬೇಸಿಗೆ ದಾಟುತ್ತೇವೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಹಿರಿಯರೇ, ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಒಂದು ಕೋರಿಕೆ ಮಾತ್ರ ಇದೆ. ನಿಮ್ಮ ಬೀದಿಗಳಲ್ಲಿ ಸತ್ತವರ ಹೆಸರು ಹಿಡಿದು, ಅವರಿಗಾಗಿ ಇವರನ್ನು ಹೊರಹಾಕಿ, ಅಂದಿನದಕ್ಕಾಗಿ ಇಂದು ಇದನ್ನು ಮಾಡಿ ಎನ್ನುವವರು ಬಹಳ ಮಂದಿ ಇದ್ದರೆಂದು ಓದಿದ್ದೇನೆ. ಅವರು ಹೇಳಿದ್ದರಲ್ಲಿ ನಿಜವೂ ಇದ್ದಿರಬಹುದು. ನಾನು ಹೇಳಿದ್ದೂ ನಿಜವೇ ಆಗಿತ್ತು. ಆದರೆ ಆ ದಿನಗಳನ್ನು ಕಂಡವರು ಕೆಲವರಾದರೂ ನಿಮ್ಮ ನಡುವೆ ಜೀವಂತ ಇರುತ್ತಾರೆ. ಕೈ ಎತ್ತುವ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಿ, ಯಾರು ಯಾರಿಗೆ ಏನು ಕೊಟ್ಟರು, ಹೋಗುವಾಗ ಏನು ಹೇಳಿ ಹೋದರು ಎಂದು.

ನಿಮ್ಮನ್ನು ಕೇಳೋಣವೆಂದರೆ ನಮಗೆ ನೀವು ಸಿಗುವುದಿಲ್ಲ. ನೀವು ಕೂಗಿದ್ದೆಲ್ಲ ಸಿಕ್ಕಿದೆ. ಅದನ್ನು ಇಡಲು ನಮ್ಮಲ್ಲಿ ಜಾಗ ಸಾಲದು. ನೀವು ಮನೆಯೊಳಗೆ ಮೆಲ್ಲನೆ ಆಡಿದ ಮಾತು ಒಂದೂ ಸಿಕ್ಕಿಲ್ಲ. ಅದನ್ನು ಯಾರಿಗಾದರೂ ಹೇಳಿ ಹೋಗಿ.